ಇಳಿತದ ಹೊತ್ತಿನ ವಾದ

ಈ ಕತೆಯನ್ನು ನೀವು ಕೇಳಿರಬಹುದು. ಗಲ್ಫಿನಿಂದ ರಜೆಗೆ ಬಂದವರು ಮದುವೆ ಮನೆಯ ಊಟದ ಸಾಲಿನಲ್ಲಿ ಕುಳಿತು ಹೇಳುವ ಕತೆ. ಯುದ್ಧ ಮುಗಿದ ವರ್ಷ ಕುವೈತಿನ ಫಹಾಹೀಲ್ ಕಡಲ ಬದಿಯಲ್ಲಿ ನೆಲಬಾಂಬ್ ಸಿಡಿದು ಹೆಜಮಾಡಿಯ ಅಡುಗೆಯವರೊಬ್ಬರ ಪಾದ ಹೋಯಿತು. ಜೊತೆಗಿದ್ದ ಯುವಕ ಹಿಂದೆ ಮುಂದೆ ನೋಡದೆ ಆ ಮರಳಿಗೆ ಇಳಿದು, ಅವರನ್ನು ಬೆನ್ನ ಮೇಲೆ ಹಾಕಿಕೊಂಡು ಬಂದು, ಪಿಕಪ್ಪಿನಲ್ಲಿ ಆಸ್ಪತ್ರೆಗೆ ಸೇರಿಸಿ ಜೀವ ಉಳಿಸಿದ. ಹೇಳುವವರು ಬದಲಾದಂತೆ ಬಾಂಬುಗಳ ಸಂಖ್ಯೆ ಏರುತ್ತದೆ, ಪಿಕಪ್ಪಿನ ವೇಗವೂ ಏರುತ್ತದೆ. ಯುವಕ ಮಾತ್ರ ಬದಲಾಗುವುದಿಲ್ಲ. ಆ ಯುವಕ ನಾನು. ಬರುವ ತಿಂಗಳು ಮಂಗಳೂರಿನಲ್ಲಿ ಗಲ್ಫಿನಿಂದ ಮರಳಿದವರ ಸಂಘವೊಂದು ನನಗೆ ಶಾಲು ಹೊದೆಸಲಿದೆ.

ಕಾಲೇಜಿನ ದಿನಗಳಲ್ಲಿ ಚರ್ಚಾಸ್ಪರ್ಧೆಗಳಿಗೆ ಹೋಗಿ ಫಲಕ ಹೊತ್ತು ತರುತ್ತಿದ್ದವನು ನಾನು. ಎಲ್ಲರೂ ತಲೆಯಾಡಿಸುವ ಮಾತು ಕೇಳಿದರೆ ಮೊದಲು ಅದರ ಸಾಕ್ಷಿ ಯಾರೆಂದು ವಿಚಾರಿಸು ಎಂದು ಅಲ್ಲಿ ಕಲಿಸಿದ್ದರು. ಹಾಗೆಯೇ ವಿಚಾರಿಸೋಣ. ಈ ಕತೆಗೆ ಮೂವರು ಸಾಕ್ಷಿಗಳು. ಒಬ್ಬರಿಗೆ ಪೂರ್ತಿ ಪ್ರಜ್ಞೆ ಇರಲಿಲ್ಲ. ಒಬ್ಬರು ಇವತ್ತಿನವರೆಗೆ ಬಾಯಿ ಬಿಟ್ಟಿಲ್ಲ. ಮೂರನೆಯವನಿಗೆ ಶಾಲು ಸಿಗಲಿದೆ. ಇಂಥ ಕತೆಯನ್ನು ನಾನು ಎದುರಾಳಿಯಾಗಿದ್ದರೆ ಎರಡು ನಿಮಿಷದಲ್ಲಿ ಬೀಳಿಸುತ್ತಿದ್ದೆ. ಮೂರು ವರ್ಷ ಬೀಳಿಸಲಿಲ್ಲ.

ಕಳೆದ ಭಾನುವಾರ ಹೆಜಮಾಡಿಗೆ ಹೋಗಿದ್ದೆ, ಸುಂದರಣ್ಣನ ಮನೆಗೆ. ಆ ಅಡುಗೆಯವರು ಅವರೇ. ಜಗಲಿಯಲ್ಲಿ ಶೂ ಕಳಚುತ್ತಿದ್ದಾಗ ಹಿಂದಿನ ಒಲೆಯಿಂದ ಮರುವಾಯಿ ಬೇಯುವ ವಾಸನೆ ಬಂತು. ಮರುವಾಯಿ ಎಂದರೆ ನಮ್ಮ ಕಡೆಯ ಅಳಿವೆಗಳ ಮರಳಲ್ಲಿ ಸಿಗುವ ಚಿಪ್ಪು. ಬಿಸಿ ನೀರಿನಲ್ಲಿ ಬಾಯಿ ಬಿಡುವಾಗ ಉಪ್ಪು, ಕೆಸರು, ತುಸು ಕಬ್ಬಿಣ ಕಲೆಸಿದಂಥ ಹಬೆ ಏಳುತ್ತದೆ. ಒಂದು ಶೂ ಕಳಚಿದವನು ಇನ್ನೊಂದನ್ನು ಕಳಚಲಾರದೆ ಹಾಗೆಯೇ ನಿಂತುಬಿಟ್ಟೆ.

ನಾನು ಮೊದಲು ಕುವೈತಿಗೆ ಹೋದದ್ದು ತೊಂಬತ್ತರ ಜೂನಿನಲ್ಲಿ. ಆಗಸ್ಟ್ ಶುರುವಾಗುತ್ತಲೇ ಇರಾಕಿನ ಟ್ಯಾಂಕುಗಳು ಬಂದವು. ಮುಂದಿನ ವಾರಗಳಲ್ಲಿ ನಮ್ಮನ್ನು ಆಳಿದ್ದು ಸೈನಿಕರಿಗಿಂತ ಹೆಚ್ಚಾಗಿ ಸುದ್ದಿಗಳು. ಬಂದರಿಗೆ ಭಾರತದ ಹಡಗು ಬಂದಿದೆಯಂತೆ ಎಂದು ಮೂರು ಸಲ ಪೆಟ್ಟಿಗೆ ಹೊತ್ತು ಓಡಿದೆವು. ಹಡಗು ಇರಲಿಲ್ಲ. ನಲ್ಲಿ ನೀರಿಗೆ ವಿಷ ಹಾಕಿದ್ದಾರಂತೆ ಎಂದು ಮೈದಾನ್ ಹವಲ್ಲಿಯ ನಮ್ಮ ಕಟ್ಟಡದ ನಾಲ್ಕು ಮಹಡಿಯವರೂ ಒಂದು ದಿನವಿಡೀ ಬಾಯಾರಿ ಕುಳಿತೆವು. ವಿಷ ಇರಲಿಲ್ಲ. ಆಮೇಲೆ ಬಸ್ಸಿನಲ್ಲಿ ಬಾಗ್ದಾದ್, ಅಲ್ಲಿಂದ ಜೋರ್ಡಾನಿನ ಗಡಿಯ ಡೇರೆ, ಅಮ್ಮಾನಿನಿಂದ ಮುಂಬಯಿಗೆ ವಿಮಾನ. ಊರು ಮುಟ್ಟುವಾಗ ನನ್ನೊಳಗೆ ಉಳಿದಿದ್ದ ಸಿಟ್ಟು ಒಂದೇ: ‘ಅಂತೆ’ ಎಂಬ ಎರಡಕ್ಷರದ ಮೇಲಿನದು.

ತೊಂಬತ್ತೊಂದರ ಜೂನಿನಲ್ಲಿ ನನ್ನ ವೀಸಾದ ಹೊಣೆ ಹೊತ್ತ ಕುವೈತಿ ಧಣಿ, ಅಂದರೆ ಕಫೀಲ್, ತಂತಿ ಕಳಿಸಿ ಮತ್ತೆ ಕರೆಸಿಕೊಂಡ. ಇಳಿದಾಗ ಬೆಳಗ್ಗಿನ ಹನ್ನೊಂದು ಗಂಟೆ. ರಸ್ತೆಯಲ್ಲಿ ಕಾರುಗಳೆಲ್ಲ ದೀಪ ಹಚ್ಚಿಕೊಂಡು ಹೋಗುತ್ತಿದ್ದವು. ಎಣ್ಣೆ ಬಾವಿಗಳು ಉರಿಯುತ್ತಿದ್ದ ಬೇಸಿಗೆ ಅದು. ಅಹ್ಮದಿಯಲ್ಲಿ ನಾವಿದ್ದ ಕ್ವಾರ್ಟರ್ಸಿನ ಅಂಗಳದಲ್ಲಿ ಬಿಳಿ ಅಂಗಿ ಒಣಹಾಕುವ ಧೈರ್ಯ ಯಾರಿಗೂ ಇರಲಿಲ್ಲ. ಬೆಕ್ಕು ಮೈ ನೆಕ್ಕಿಕೊಂಡರೆ ಅದರ ನಾಲಗೆ ಕಪ್ಪಾಗುತ್ತಿತ್ತು. ಬೆಂಕಿ ನಂದಿಸುವವರಿಗೂ ನೆಲಬಾಂಬ್ ತೆಗೆಯುವವರಿಗೂ ಊಟ ಕಳಿಸುವ ಕೇಟರಿಂಗ್ ಕಂಪೆನಿ ನಮ್ಮದು. ನಾನು ಸ್ಟೋರಿನ ಗುಮಾಸ್ತ, ಅಗತ್ಯ ಬಿದ್ದಾಗ ಪಿಕಪ್ಪಿನ ಡ್ರೈವರ್. ಸುಂದರಣ್ಣ ಮುಖ್ಯ ಅಡುಗೆಯವರು. ಮೂವತ್ತೈದರ ಮೊಗವೀರ ಗಂಡಸು, ಕಡಲ ಮೇಲೆ ಬೆಳೆದ ಅಗಲ ಪಾದ, ನಗಲು ಕಾರಣ ಬೇಕಿಲ್ಲದ ಬಾಯಿ.

ಶುಕ್ರವಾರ ರಜೆ. ಜುಮ್ಮಾ ನಮಾಜು ಮುಗಿಸಿ ಖಾದರಾಕ ನಮ್ಮಲ್ಲಿಗೆ ಊಟಕ್ಕೆ ಬರುತ್ತಿದ್ದರು. ಉಳ್ಳಾಲದ ಬ್ಯಾರಿ, ಐವತ್ತು ದಾಟಿದವರು. ಫಹಾಹೀಲ್‌ನ ಕಡಲ ರಸ್ತೆಯಲ್ಲಿ ಅವರದೊಂದು ಬಕಾಲಾ ಇತ್ತು, ಉಪ್ಪಿನಿಂದ ಸೋಪಿನವರೆಗೆ ಎಲ್ಲ ಸಿಗುವ ಪುಟ್ಟ ಅಂಗಡಿ. ನಾವೆಲ್ಲ ಊರಿಗೆ ಓಡಿದ ಏಳು ತಿಂಗಳೂ ಅವರು ಅಂಗಡಿ ಬಿಟ್ಟು ಕದಲಿರಲಿಲ್ಲ. ಊಟದ ಮೇಲೆ ಯಾರಾದರೂ ಹೊಸ ಸುದ್ದಿ ಬಿಡುವುದು, ನಾನು ಅದನ್ನು ಸೀಳುವುದು, ಉಳಿದವರು ನಗುವುದು. ಮಸಿ ಮಳೆಗೆ ನೆನೆದರೆ ಕೂದಲು ಉದುರುತ್ತದಂತೆ. ಯಾರದ್ದು ಉದುರಿದೆ, ಕರೆದುಕೊಂಡು ಬನ್ನಿ. ಡಬ್ಬದ ಮೀನಿನಲ್ಲಿ ಏನೋ ಬೆರೆಸಿದ್ದಾರಂತೆ. ತಿಂದು ಮಲಗಿದವರ ಹೆಸರು ಹೇಳಿ. ‘ಉಂಟು ಎಂದು ಹೇಳುವವನೇ ಸಾಬೀತು ಮಾಡಬೇಕು, ಇಲ್ಲ ಎನ್ನುವವನಲ್ಲ.’ ಅದು ನನ್ನ ನೆಚ್ಚಿನ ಅಸ್ತ್ರ. ಸುಂದರಣ್ಣ ಪಾತ್ರೆ ತೊಳೆಯುತ್ತಲೇ ಕೇಳುತ್ತಿದ್ದರು, “ವಕೀಲ್ರೇ, ಇವತ್ತು ಯಾರ ತಲೆ?”

ನೆಲಬಾಂಬ್ ವಿಷಯದಲ್ಲಿ ನಾನು ಅಜ್ಞಾನಿಯಾಗಿರಲಿಲ್ಲ. ಅದನ್ನು ಒತ್ತಿ ಹೇಳಬೇಕು, ಏಕೆಂದರೆ ಗೊತ್ತಿರಲಿಲ್ಲ ಎಂಬ ನೆಪ ನನಗಿಲ್ಲ. ಅಮೆರಿಕದವರು ಕಡಲಿನಿಂದ ಇಳಿದಾರು ಎಂಬ ಅಂದಾಜಿನಲ್ಲಿ ಇರಾಕಿನ ಸೈನಿಕರು ಕಡಲ ತೀರದುದ್ದಕ್ಕೂ ಮೈನ್ ಹೂತಿದ್ದರು. ಕಡಲಿನಿಂದ ಯಾರೂ ಇಳಿಯಲಿಲ್ಲ. ಹೂತದ್ದು ಉಳಿಯಿತು. ತೆಗೆಯುವವರ ಶೆಡ್ಡಿಗೆ ದಿನಾ ಊಟದ ಡಬ್ಬಿ ಒಯ್ಯುತ್ತಿದ್ದವನು ನಾನೇ. ಅಲ್ಲಿನ ಮೇಲ್ವಿಚಾರಕ ನೇಪಾಳದ ನಿವೃತ್ತ ಹವಾಲ್ದಾರ. ಮದ್ದು ತೆಗೆದ ಏಳೆಂಟು ಮೈನ್‌ಗಳನ್ನು ಬಿಸ್ಕೆಟಿನ ತಗಡಿನ ಡಬ್ಬದಲ್ಲಿಟ್ಟುಕೊಂಡು ಹೊಸಬರಿಗೆ ತೋರಿಸುತ್ತಿದ್ದ. ಬೂಟ್ ಪಾಲಿಶ್ ಡಬ್ಬಿಯಷ್ಟೇ ದೊಡ್ಡವು. ಒಂದರ ತಳದಲ್ಲಿ ಇಟಲಿಯ ಅಕ್ಷರ, ಇನ್ನೊಂದರಲ್ಲಿ ರಷ್ಯದ್ದು, ಮತ್ತೊಂದರಲ್ಲಿ ಚೀನದ್ದು. ಹೆಚ್ಚಿನವು ಪ್ಲಾಸ್ಟಿಕ್. ಲೋಹ ಹುಡುಕುವ ಯಂತ್ರ ಅದರ ಮೇಲೆಯೇ ಹಾದುಹೋದರೂ ಮಾತಾಡದಿರಲಿ ಎಂದು. ಈಜಿಪ್ಟಿನ ಮರುಭೂಮಿಯಲ್ಲಿ ಎರಡನೆಯ ಮಹಾಯುದ್ಧದಲ್ಲಿ ಹೂತವು ಈಗಲೂ ಕುರಿ ಕಾಯುವವರ ಕಾಲು ತೆಗೆಯುತ್ತವೆ ಎಂದು ಅವನೇ ಹೇಳಿದ್ದ. ನನ್ನ ಅಪ್ಪ ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದ ಕಾಲದ ಯುದ್ಧ ಅದು.

“ಭಾಯಿ, ಇದು ಕೊಲ್ಲಲಿಕ್ಕೆ ಮಾಡಿದ್ದಲ್ಲ” ಎಂದಿದ್ದ ಹಿಂದಿಯಲ್ಲಿ. “ಸತ್ತವನನ್ನು ಬಿಟ್ಟು ಮುಂದೆ ಹೋಗಬಹುದು. ಕಾಲು ಹೋದವನನ್ನು ಹೊರಲಿಕ್ಕೆ ಇಬ್ಬರು ಬೇಕು. ಒಂದಕ್ಕೆ ಮೂರು ಜನ ಕೆಲಸದಿಂದ ಹೊರಗೆ.”

ನಾನು ಅದನ್ನು ಕೇಳಿ ಏನು ಹೇಳಿದೆ ಗೊತ್ತೇ? “ಒಳ್ಳೆಯ ಪಾಯಿಂಟು” ಎಂದೆ. ಆ ತರ್ಕದ ಹೆಣಿಗೆ ನಿಜಕ್ಕೂ ಹಿಡಿಸಿತ್ತು. ಹವಾಲ್ದಾರ ಡಬ್ಬದ ಮುಚ್ಚಳ ಹಾಕಿದ.

ಶೆಡ್ಡಿನ ಗೋಡೆಯಲ್ಲಿ ತೀರದ ನಕ್ಷೆ ಇತ್ತು. ಕೆಲಸ ಮುಗಿದ ತುಂಡುಗಳಿಗೆ ಹಸಿರು ಬಣ್ಣ. ಅಕ್ಟೋಬರ್ ಹೊತ್ತಿಗೆ ಖಾದರಾಕನ ಅಂಗಡಿ ಎದುರಿನ ತುಂಡು ಹಸಿರಾಗಿತ್ತು. ಅದನ್ನು ನಾನು ಕಣ್ಣಾರೆ ಕಂಡಿದ್ದೆ. ಇನ್ನೊಂದನ್ನೂ ಕಂಡಿದ್ದೆ. ಆ ಹಸಿರು ತುಂಡಿನಲ್ಲಿ ಹವಾಲ್ದಾರ ಬೆಳಗ್ಗೆ ನಡೆಯುವಾಗ ತಮ್ಮ ಜೀಪಿನ ಚಕ್ರದ ಗೆರೆಯ ಮೇಲೆ ಮಾತ್ರ ಕಾಲಿಡುತ್ತಿದ್ದ. ಮೇಲಿನ ಒಣ ಮರಳು ದಾಟಿ, ನೀರು ಬಂದು ಹೋಗುವ ಭಾಗಕ್ಕೆ ಅವನು ಇಳಿದದ್ದನ್ನು ನಾನು ಒಂದು ದಿನವೂ ನೋಡಲಿಲ್ಲ.

ಆ ಶುಕ್ರವಾರ ಬಿಸಿಲು ಕೊಂಚ ಇಳಿದಿತ್ತು. ಉರಿಯುವ ಬಾವಿಗಳು ಕಡಿಮೆಯಾಗಿ, ಆಕಾಶ ಒಂದು ಬದಿಯಲ್ಲಿ ನೀಲಿ ಕಾಣುತ್ತಿತ್ತು. ಸುಂದರಣ್ಣ ಬೆಳಗ್ಗೆ ಸಾಮಾನು ತರಲು ಫಹಾಹೀಲ್‌ಗೆ ಹೋದವರು ಮದುಮಗನ ಹಾಗೆ ಹಿಂದೆ ಬಂದರು. ನೀರು ಇಳಿದ ಮರಳಿನಲ್ಲಿ ಹಕ್ಕಿಗಳು ಕೊಕ್ಕು ಊರಿ ಊರಿ ತಿನ್ನುತ್ತಿವೆ, ಅಲ್ಲಿ ಮರುವಾಯಿ ಉಂಟು, ಹೆಜಮಾಡಿಯ ಮೇಲೆ ಆಣೆ, ಉಂಟು ಎಂದರು. ಮಧ್ಯಾಹ್ನ ಮೂರಕ್ಕೆ ಪೂರ್ತಿ ಇಳಿತ. ನಾಲ್ಕು ತಿಂಗಳಿನಿಂದ ಡಬ್ಬದ ಮೀನು, ಫ್ರೀಜರಿನ ಕೋಳಿ ತಿಂದ ನಾಲಗೆಗಳು ಆ ಕೋಣೆಯಲ್ಲಿ ಎಂಟಿದ್ದವು. ತೆಂಗಿನಕಾಯಿ ತುರಿದು ಒಣ ಸುಕ್ಕ ಮಾಡುವುದೋ, ಅಕ್ಕಿ ಕಡುಬಿನಂಥ ಪುಂಡಿಯೊಳಗೆ ಹಾಕುವುದೋ ಎಂಬ ಮಾತು ಆಗಲೇ ಶುರುವಾಗಿತ್ತು.

ಖಾದರಾಕ ತಟ್ಟೆಯಿಂದ ತಲೆ ಎತ್ತಿದರು. “ಸುಂದರ, ಅಲ್ಲಿಗೆ ಇಳಿಯಬೇಡ. ಅವರು ಹೂಳುವುದನ್ನು ನಾನು ನೋಡಿದ್ದೇನೆ.”

ಎಲ್ಲರೂ ನನ್ನ ಕಡೆ ತಿರುಗಿದರು. ಅದೂ ಅಭ್ಯಾಸ.

ನಾನು ಎದ್ದು ನಿಂತೆ. ಊಟದ ಕೋಣೆಯಲ್ಲಿ ಎದ್ದು ನಿಲ್ಲುವ ಅಗತ್ಯವೇನಿತ್ತು? ಖಾದರಾಕ, ನೀವು ನೋಡಿದ್ದು ಯಾವ ತಿಂಗಳು? ಅಕ್ಟೋಬರ್, ಕಳೆದ ವರ್ಷದ್ದು. ಎಷ್ಟು ದೂರದಿಂದ? ಅಂಗಡಿಯ ಬಾಗಿಲಿನಿಂದ. ಹೂಳುವುದನ್ನು ನೋಡಿದ್ದೀರಿ, ತೆಗೆಯುವುದನ್ನು ನೋಡಿದ್ದೀರಾ? ಅವರು, ಯಂತ್ರ ಹಿಡಿದವರು ವಾರಗಟ್ಟಲೆ ಬಂದಿದ್ದರು ಎಂದರು. ಹಾಗಾದರೆ ಅವರು ಅಲ್ಲಿ ಎಂತ ಮಾಡಿದರು, ಚಾ ಕುಡಿದರಾ? ಎಲ್ಲರೂ ನಕ್ಕರು. ಶೆಡ್ಡಿನ ನಕ್ಷೆಯಲ್ಲಿ ಆ ಜಾಗ ಹಸಿರು, ನನ್ನ ಕಣ್ಣಿನಿಂದ ನೋಡಿದ್ದೇನೆ, ದಾರಿ ತಡೆಯಲು ಕಟ್ಟಿದ್ದ ಎಚ್ಚರಿಕೆಯ ಪಟ್ಟಿ ತೆಗೆದಿದ್ದಾರೆ, ತೀರದಲ್ಲಿ ನಾಯಿ ಓಡುತ್ತದೆ, ಹಕ್ಕಿ ಕೂರುತ್ತದೆ. ಈಗಲೂ ಒಂದು ಉಳಿದಿದೆ ಎನ್ನುವುದು ನಿಮ್ಮ ವಾದವಾದರೆ, ಎಲ್ಲಿದೆ ತೋರಿಸಿ.

ಖಾದರಾಕ ಕೈಯಲ್ಲಿದ್ದ ಖುಬ್ಬೂಸ್ ರೊಟ್ಟಿಯನ್ನು ತಟ್ಟೆಯಲ್ಲಿಟ್ಟರು. “ಎಲ್ಲಿ ಅಂತ ನಂಗೆ ಹೇಗೆ ಗೊತ್ತು, ಮೋನೇ? ಗೊತ್ತಿದ್ರೆ ಅದಕ್ಕೆ ಹೆದರ್ಲಿಕ್ಕೆ ಎಂತ ಉಂಟು?”

ಅದು ಆ ಕೋಣೆಯಲ್ಲಿ ಆಡಿದ ಅತ್ಯಂತ ಬುದ್ಧಿವಂತ ಮಾತು ಎಂದು ನನಗೆ ಆ ಕ್ಷಣವೇ ಗೊತ್ತಾಯಿತು. ಎದುರಾಳಿಯ ಒಳ್ಳೆಯ ಮಾತಿಗೆ ಉತ್ತರವಿಲ್ಲದಿದ್ದರೆ ಏನು ಮಾಡಬೇಕೆಂದೂ ಗೊತ್ತಿತ್ತು. ಅದನ್ನು ಸುದ್ದಿಗಳ ಪಟ್ಟಿಗೆ ಸೇರಿಸಿದೆ. ಹಡಗು ಬಂದಿದೆಯಂತೆ, ನೀರಿಗೆ ವಿಷವಂತೆ, ಈಗ ಮರಳಿನಲ್ಲಿ ಮೈನ್ ಅಂತೆ. ಕೋಣೆ ಮತ್ತೆ ನಕ್ಕಿತು. ಖಾದರಾಕ ಕೈ ತೊಳೆಯಲು ಎದ್ದರು. ಚಕ್ರದ ಗೆರೆಯ ಮೇಲೆ ಮಾತ್ರ ನಡೆಯುವ ಹವಾಲ್ದಾರನ ವಿಷಯವನ್ನು ನಾನು ಹೇಳಲಿಲ್ಲ. ಮರೆತು ಹೋಗಿತ್ತು ಎಂದು ಬರೆದರೆ ನಂಬುವವರಿದ್ದಾರೆ. ಮರೆತಿರಲಿಲ್ಲ. ನಮ್ಮ ಪಕ್ಷಕ್ಕೆ ಪೆಟ್ಟು ಕೊಡುವ ಸಂಗತಿಯನ್ನು ನಾವೇ ಎತ್ತಿ ಕೊಡುವ ಪದ್ಧತಿ ಚರ್ಚೆಯಲ್ಲಿ ಇಲ್ಲ.

ಸುಂದರಣ್ಣ ಬಕೆಟ್ ಎತ್ತಿಕೊಂಡರು. “ಗೆದ್ದಿರಲ್ಲ ವಕೀಲ್ರೇ. ಯಲ್ಲಾ, ಗಾಡಿ ತೆಗೀರಿ.”

ಫಹಾಹೀಲ್‌ನ ತೀರದಲ್ಲಿ ರಸ್ತೆಗೂ ಮರಳಿಗೂ ನಡುವೆ ಸಿಮೆಂಟಿನ ಒಂದು ಕಟ್ಟೆ ಇದೆ. ಸಂಜೆ ಜನ ನಡೆದಾಡಲು ಕಟ್ಟಿದ್ದು. ಆವತ್ತು ಅಲ್ಲಿ ಯಾರೂ ಇರಲಿಲ್ಲ. ನೀರು ದೂರಕ್ಕೆ ಸರಿದು ಮರಳು ಹೊಳೆಯುತ್ತಿತ್ತು. ಸುಂದರಣ್ಣ ಪ್ಯಾಂಟು ಮೊಣಕಾಲಿಗೆ ಮಡಚಿ, ಚಪ್ಪಲಿ ಬಿಟ್ಟು ಕಟ್ಟೆಯಿಂದ ಧುಮುಕಿದರು. ನಾಲ್ಕು ಹೆಜ್ಜೆ ಹೋಗಿ ತಿರುಗಿ ನೋಡಿದರು. ನಾನು ಕಟ್ಟೆಯ ಮೇಲೆಯೇ ಇದ್ದೆ.

“ಬರುವುದಿಲ್ವಾ?”

“ಶೂ ಒದ್ದೆಯಾಗ್ತದೆ” ಎಂದೆ.

ಅವರು ನನ್ನ ಶೂ ನೋಡಿದರು, ನನ್ನ ಮುಖ ನೋಡಿದರು. ನಕ್ಕು ಮುಂದೆ ಹೋದರು.

ಮರುವಾಯಿ ಹೆಕ್ಕುವವರು ಕೈಯಿಂದ ಹುಡುಕುವುದಿಲ್ಲ, ಕಾಲಿನಿಂದ ಹುಡುಕುತ್ತಾರೆ. ಒದ್ದೆ ಮರಳಿನಲ್ಲಿ ಹಿಮ್ಮಡಿ ಊರಿ, ಇಡೀ ಮೈಯ ಭಾರ ಹಾಕಿ, ತಿರುಗಣೆಯ ಹಾಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಚುತ್ತಾರೆ. ಗಟ್ಟಿಯಾದದ್ದು ಹಿಮ್ಮಡಿಗೆ ತಾಗಿದರೆ ಬಗ್ಗಿ ತೆಗೆಯುತ್ತಾರೆ. ಸುಂದರಣ್ಣನ ಅಮ್ಮ ಅಳಿವೆಯಲ್ಲಿ ಹಾಗೆ ಹುಡುಕುತ್ತಿದ್ದರಂತೆ, ನಾಲ್ಕನೆಯ ವಯಸ್ಸಿಗೇ ಇವರೂ ಕಲಿತರಂತೆ. ಪಾದದ ಭಾರಕ್ಕಾಗಿಯೇ ಕಾದು ಕುಳಿತ ವಸ್ತುವನ್ನು ಹುಡುಕಲು ಇದಕ್ಕಿಂತ ಖಚಿತವಾದ ಕ್ರಮ ಈ ಭೂಮಿಯ ಮೇಲೆ ಇನ್ನೊಂದಿಲ್ಲ. ಸಾಮಾನ್ಯ ಮನುಷ್ಯ ನಡೆದು ದಾಟಿಬಿಡಬಹುದಾದ ಜಾಗವನ್ನು ಸುಂದರಣ್ಣ ಅಂಗುಲ ಅಂಗುಲವಾಗಿ ತುಳಿದು ವಿಚಾರಿಸುತ್ತಿದ್ದರು. ಬಕೆಟಿನಲ್ಲಿ ಚಿಪ್ಪು ಬೀಳುವ ಟಣ್ ಟಣ್ ಸದ್ದು ಕಟ್ಟೆಯವರೆಗೂ ಕೇಳುತ್ತಿತ್ತು. ಒಂದನ್ನು ಎತ್ತಿ ತೋರಿಸಿದರು, ಊರಿನದ್ದಕ್ಕಿಂತ ದಪ್ಪ ಉಂಟು ಎಂದು ಕೂಗಿದರು. ನಾನು ಕೈ ಬೀಸಿದೆ.

ಸದ್ದು ದೊಡ್ಡದಿರಲಿಲ್ಲ. ಅಡುಗೆ ಮನೆಯಲ್ಲಿ ಚೆರಿಗೆಯ ಮುಚ್ಚಳ ಬಿದ್ದಂತೆ. ಹಕ್ಕಿಗಳು ಎದ್ದವು. ಸುಂದರಣ್ಣ ಕುಳಿತಿದ್ದರು, ಕುಳಿತದ್ದು ಯಾಕೆ ಎಂದು ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅವರಿಗೂ ಆಗಿರಲಿಲ್ಲ. ಬಕೆಟನ್ನು ನೆಟ್ಟಗೆ ಮಾಡಲು ನೋಡುತ್ತಿದ್ದರು.

ಇಲ್ಲಿಂದ ಮುಂದೆ ಊರಿನ ಕತೆಯಲ್ಲಿ ನಾನು ಓಡುತ್ತೇನೆ. ನಿಜದಲ್ಲಿ ನಿಂತೆ. ಎಷ್ಟು ಹೊತ್ತು ಎಂದು ಗಡಿಯಾರ ನೋಡಿಲ್ಲ. ಇಷ್ಟು ಬಲ್ಲೆ: ನಾನು ನಿಂತಾಗ ನೀರು ಅವರಿಂದ ಒಂದು ಕೋಣೆಯಷ್ಟು ದೂರವಿತ್ತು, ಆಮೇಲೆ ಚಾಪೆಯಷ್ಟು ದೂರ. ಇಳಿತ ಮುಗಿದು ನೀರು ಏರತೊಡಗಿತ್ತು. ಅವರ ಹೆಜ್ಜೆ ಗುರುತುಗಳಲ್ಲಿ ಕೊನೆಯವು ತುಂಬಿ ಮಾಸುತ್ತಿದ್ದವು. ಆ ಗುರುತುಗಳ ಮೇಲೆ ಕಾಲಿಟ್ಟು ಹೋಗಬಹುದು ಎಂದು ನನ್ನ ತಲೆ ಸರಿಯಾಗಿಯೇ ಹೇಳಿತು. ಕಾಲು ಕೇಳಲಿಲ್ಲ. ಒಂದು ಗಂಟೆಯ ಹಿಂದೆ ಅಲ್ಲಿ ಏನೂ ಇಲ್ಲ ಎಂದು ಕೋಣೆಯವರನ್ನು ಒಪ್ಪಿಸಿದ ಬಾಯಿ ಅವರ ಹೆಸರನ್ನು ಮಾತ್ರ ಕೂಗುತ್ತಿತ್ತು. “ಸುಂದರಣ್ಣ, ಅಲ್ಲಾಡಬೇಡಿ” ಎಂದೂ ಹೇಳಿದೆ. ಸಲಹೆ ಕೊಡುವುದನ್ನು ಆಗಲೂ ಬಿಡಲಿಲ್ಲ.

ಖಾದರಾಕನ ಹಳೆಯ ಡಾಟ್ಸನ್ ರಸ್ತೆಯಲ್ಲಿ ನಿಂತಿತು. ವಾದ ಸೋತವರು ಅಂಗಡಿಗೆ ಹೋಗಿರಲಿಲ್ಲ. ಕೊನೆಗೊಮ್ಮೆ ಹೇಳಿ ನೋಡುವ ಎಂದು ನಮ್ಮ ಹಿಂದೆಯೇ ಬಂದಿದ್ದರು. ಜುಮ್ಮಾಕ್ಕೆ ಹಾಕಿದ ಬಿಳಿ ಅಂಗಿ, ಬಿಳಿ ಮುಂಡು. ಕಟ್ಟೆಯ ಅಂಚಿನಲ್ಲಿ ನನ್ನ ಪಕ್ಕ ನಿಂತು ಮರಳನ್ನು ನೋಡಿದರು. ನನ್ನ ಕಡೆ ನೋಡಲಿಲ್ಲ.

“ಅವ ಹಿಮ್ಮಡಿ ತಿರುಚಿದ ಜಾಗ ಕಾಣ್ತದಲ್ಲ, ಅಲ್ಲಿ ಎಂತದೂ ಇಲ್ಲ, ಅದು ಗ್ಯಾರಂಟಿ” ಎಂದು ತಮಗೇ ಹೇಳಿಕೊಂಡಂತೆ ಹೇಳಿ ಮುಂಡು ಎತ್ತಿ ಕಟ್ಟಿದರು.

ಅವರೂ ಅಳಿವೆಯ ದಡದವರು. ಸುಂದರಣ್ಣನ ಪಾದ ಮರಳಿನಲ್ಲಿ ಕೊರೆದ ದುಂಡು ಗುಳಿಗಳನ್ನು ಒಂದೊಂದಾಗಿ ಗುರುತಿಸಿ, ಅದರೊಳಗೇ ಕಾಲ್ಬೆರಳು ಊರಿ ನಡೆದರು. ಮಾಸಿದ ಕಡೆ ಬಗ್ಗಿ ನೀರು ಬಳಿದು ನೋಡಿ ಕಾಲಿಟ್ಟರು. ಆ ಮರಳಿನಲ್ಲಿ ಇನ್ನೂ ಇದೆ ಎಂದು ನಂಬಿದ್ದ ಒಬ್ಬನೇ ಒಬ್ಬ ಮನುಷ್ಯ ಆ ಮರಳಿನಲ್ಲಿ ನಡೆದ. ಇಲ್ಲ ಎಂದು ಸಾಧಿಸಿದವನು ಸಿಮೆಂಟಿನ ಮೇಲಿದ್ದ. ಮುಂಡಿನ ಅಂಚು ಹರಿದು ಮೊಣಕಾಲ ಕೆಳಗೆ ಬಿಗಿದು, ಸುಂದರಣ್ಣನನ್ನು ಬೆನ್ನಿಗೆ ಏರಿಸಿಕೊಂಡು ಅದೇ ಗುಳಿಗಳಲ್ಲಿ ಹಿಂದೆ ಬಂದರು. ಆ ಹೊತ್ತಿಗೆ ಅರ್ಧ ಗುಳಿಗಳು ನೀರಿನಡಿ ಇದ್ದವು. ಕಟ್ಟೆಗೆ ತಲುಪಿದ ಮೇಲೆ ನಾನು ಕೈ ಚಾಚಿ ಭುಜ ಹಿಡಿದು ಎಳೆದುಕೊಂಡೆ. ನನ್ನ ಅಂಗಿಗೆ ರಕ್ತವಾದದ್ದು ಆಗ.

ಗಾಡಿ ಬಿಟ್ಟದ್ದು ನಾನೇ, ಅದು ಸತ್ಯ. ಹತ್ತಿರದ ಆಸ್ಪತ್ರೆಯಲ್ಲಿ ರಕ್ತ ನಿಲ್ಲಿಸಿ ಜಾಬ್ರಿಯಾದ ದೊಡ್ಡಾಸ್ಪತ್ರೆಗೆ ಕಳಿಸಿದರು. ಖಾದರಾಕ ಹೊರಗೆ ನಲ್ಲಿಯ ಹತ್ತಿರ ಕಾಲು ತೊಳೆಯುತ್ತಿದ್ದಾಗ ಮೂಡಬಿದಿರೆಯ ಸಿಸ್ಟರ್ ಒಬ್ಬರು ಬಂದು ನನ್ನ ಅಂಗಿ ನೋಡಿದರು.

“ಮೈನ್ ಜಾಗದಿಂದ ಹೊತ್ತು ತಂದದ್ದು ನೀವಾ?”

ನಾನು ತಲೆ ತಗ್ಗಿಸಿದೆ. ಅವರು ಅದನ್ನು ವಿನಯ ಎಂದುಕೊಂಡರು. ಎದುರಾಳಿ ಹೇಳಿದ್ದಕ್ಕೆ ಉತ್ತರಿಸದಿದ್ದರೆ ಅದನ್ನು ಒಪ್ಪಿದಂತೆ. ಇದು ಚರ್ಚೆಯ ನಿಯಮ, ನನಗೆ ಬಾಯಿಪಾಠ. ಸಂಜೆಯೊಳಗೆ ಅಹ್ಮದಿಯಲ್ಲಿ ಕತೆ ಪೂರ್ತಿಯಾಗಿತ್ತು. ಮರುದಿನ ಕೋಣೆಯವರು ನನ್ನ ಬೆನ್ನು ತಟ್ಟಿದರು. ನಾನು ನಡೆಸಿದ ವಾದದ ನೆನಪು ಅವರಲ್ಲಿ ಒಬ್ಬರಿಗೂ ಇದ್ದಂತಿರಲಿಲ್ಲ. ಅಥವಾ ನಕ್ಕವರಿಗೂ ಆ ನೆನಪು ಬೇಡವಾಗಿತ್ತು.

ವಾರದ ನಂತರ ಹವಾಲ್ದಾರ ಖರ್ಜೂರದ ಪೊಟ್ಟಣ ಹಿಡಿದು ಆಸ್ಪತ್ರೆಗೆ ಬಂದ. ಆ ತುಂಡು ಹಸಿರು ಎಂದದ್ದು ತಪ್ಪಲ್ಲ, ತಮ್ಮವರು ಅಲ್ಲಿ ಕೆಲಸ ಸರಿಯಾಗಿಯೇ ಮಾಡಿದ್ದರು ಎಂದ. ಆದರೆ ಪಕ್ಕದ ತುಂಡು ಇನ್ನೂ ಬಾಕಿ. ಅಲೆ ಮರಳು ಕೊರೆದಾಗ ಪ್ಲಾಸ್ಟಿಕ್ಕಿನ ಹಗುರ ಮೈನ್‌ಗಳು ಎದ್ದು, ಉಬ್ಬರದ ಜೊತೆ ಬಂದು, ಇಳಿತದಲ್ಲಿ ಬೇರೆ ಕಡೆ ಕೂರುತ್ತವೆ. “ಸಮುದ್ರ ನಮ್ಮ ನಕ್ಷೆ ನೋಡುವುದಿಲ್ಲ, ಭಾಯಿ. ಅದಕ್ಕೇ ನಾವು ಕೆಳಗೆ ಇಳಿಯುವುದಿಲ್ಲ. ನೀನು ದಿನಾ ನೋಡ್ತಿದ್ದೆಯಲ್ಲ.” ಆರೋಪವಾಗಿ ಹೇಳಿದ್ದಲ್ಲ. ಅವನಿಗೆ ನಮ್ಮ ಶುಕ್ರವಾರದ ಊಟದ ವಿಷಯವೇ ಗೊತ್ತಿರಲಿಲ್ಲ. ಆವತ್ತು ನಾನು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ ಎಂಬುದು ಹೀಗೆ ಸಾಬೀತಾಯಿತು. ನಕ್ಷೆ ಹಸಿರೇ, ಪಟ್ಟಿ ತೆಗೆದದ್ದು ನಿಜವೇ, ನಾಯಿ ಓಡಿದ್ದೂ ನಿಜವೇ. ಅಷ್ಟು ನಿಜಗಳನ್ನು ಜೋಡಿಸಿ ಒಬ್ಬರ ಕಾಲು ಕತ್ತರಿಸಬಹುದು.

ಆ ವಾರ್ಡಿನಲ್ಲಿ ನಾಲ್ಕು ಮಂಚ. ಒಂದರಲ್ಲಿ ಕುರಿ ಹುಡುಕಲು ಹೋದ ಮರುಭೂಮಿಯ ಬದೂ ಮುದುಕ. ಒಂದರಲ್ಲಿ ಬಿಟ್ಟುಹೋದ ಕಂದಕದಿಂದ ತಗಡು ಎಳೆಯಲು ಹೋದ ಈಜಿಪ್ಟಿನವ. ಸುಂದರಣ್ಣನ ಪಕ್ಕದಲ್ಲಿ ಬಾಂಗ್ಲಾದೇಶದ ಕಸ ಗುಡಿಸುವವನು. ಇವರಲ್ಲಿ ಯಾರೂ ಯುದ್ಧ ಮಾಡಿದವರಲ್ಲ. ಯುದ್ಧ ಮಾಡಿದವರು ಫೆಬ್ರವರಿಯಲ್ಲೇ ಮನೆಗೆ ಹೋಗಿದ್ದರು. ಬಾಂಗ್ಲಾದವನಿಗೆ ಎಡ ಪಾದ ಇಲ್ಲ, ಸುಂದರಣ್ಣನಿಗೆ ಬಲ ಪಾದ. ಇಬ್ಬರೂ ಅಳತೆ ನೋಡಿಕೊಂಡರು, ಒಂದೇ ನಂಬರು. ಖಾದರಾಕ ಅಂಗಡಿಯಿಂದ ತಂದ ಒಂದು ಜೋಡಿ ಹವಾಯಿ ಚಪ್ಪಲಿಯನ್ನು ಇಬ್ಬರೂ ಹಂಚಿಕೊಂಡು, ಊರುಗೋಲು ಹಿಡಿದು ಬಾತ್‌ರೂಮಿಗೆ ಹೋಗುತ್ತಿದ್ದರು. “ನಾವು ಇಬ್ಬರು ಸೇರಿದ್ರೆ ಒಂದು ಸರಿಯಾದ ಮನುಷ್ಯ” ಎಂದು ಸುಂದರಣ್ಣ ನಕ್ಕಾಗ ನಾನೂ ನಗಬೇಕಾಯಿತು. ಅವರ ಹೆಂಡತಿ ಗಿರಿಜಕ್ಕನಿಗೆ ಕಾಗದ ಬರೆದು ಕೊಟ್ಟದ್ದೂ ನಾನೇ. ‘ಅಪಘಾತ’ ಎಂಬ ಪದ ಹಾಕಿದೆ. ಅವರು ಬರೆಸಿದ್ದಲ್ಲ, ನಾನು ಆರಿಸಿದ್ದು.

ಖಾದರಾಕನ ಬಕಾಲಾಕ್ಕೆ ಒಂದು ದಿನ ಗಟ್ಟಿ ಮನಸ್ಸು ಮಾಡಿ ಹೋದೆ. ನಾನು ಎಲ್ಲರ ಎದುರು ಹೇಳಿಬಿಡುತ್ತೇನೆ ಎಂದೆ. ಅವರು ತರಕಾರಿಗೆ ನೀರು ಚಿಮುಕಿಸುತ್ತಿದ್ದರು.

“ಹೇಳಿ ಎಂತ ಮಾಡ್ತಿ? ನಾನು ಹೇಳಿದ್ದೇ ಸರಿ ಆಯ್ತು ಅಂತ ಊರೆಲ್ಲ ಮಾತಾಡ್ಬೇಕಾ? ನಂಗೆ ಅದು ಬೇಡ. ಆ ಮಾತು ಖಲಾಸ್.”

ಖಲಾಸ್ ಎಂಬ ಆ ಪದಕ್ಕೆ ಜೋತುಬಿದ್ದು ಮೂರು ವರ್ಷ ಕಳೆದೆ. ಅವರು ತಮ್ಮ ಪಾಲಿನ ಮಾತು ಮುಗಿಸಿದ್ದರು. ನಾನು ಅದನ್ನು ನನ್ನ ಪಾಲಿನದ್ದೂ ಮುಗಿಯಿತೆಂದು ಅರ್ಥ ಮಾಡಿಕೊಂಡೆ, ಏಕೆಂದರೆ ಆ ಅರ್ಥ ಅನುಕೂಲದ್ದಾಗಿತ್ತು.

ಭಾನುವಾರ ಗಿರಿಜಕ್ಕ ಮರುವಾಯಿ ಪುಂಡಿ ಬಡಿಸಿದರು. ಸುಂದರಣ್ಣ ಮನೆಯ ಎದುರೇ ಚಾ ತಿಂಡಿಯ ಹೋಟೆಲು ನಡೆಸುತ್ತಾರೆ. ಕೃತಕ ಪಾದ ಬಿಸಿಲಿಗೆ ಬೆವರುತ್ತದೆಂದು ಮಧ್ಯಾಹ್ನ ಕಳಚಿಡುತ್ತಾರೆ. ಅದು ಬಾಗಿಲ ಮೂಲೆಯಲ್ಲಿ ನನ್ನ ಶೂಗಳ ಪಕ್ಕ ನಿಂತಿತ್ತು. ಈಗ ಅಳಿವೆಗೆ ಇಳಿಯುವವರು ಗಿರಿಜಕ್ಕ. “ಒಂದು ಕಾಲಲ್ಲಿ ತಿರುಚಿದ್ರೆ ನಾನೇ ತಿರುಗಿ ಬೀಳ್ತೇನೆ” ಎಂದರು ಇವರು. ಗಿರಿಜಕ್ಕ ನನ್ನ ತಟ್ಟೆಗೆ ಇನ್ನೆರಡು ಹಾಕುತ್ತಾ, ನೀವು ಇಲ್ಲದಿದ್ದರೆ ಈ ಮನೆಯಲ್ಲಿ ಒಲೆ ಉರಿಯುತ್ತಿರಲಿಲ್ಲ ಎಂದರು. ನಾನು ತಿಂದೆ. ಅದನ್ನೂ ಬರೆದಿಡುತ್ತೇನೆ: ಬೇಡ ಎನ್ನದೆ ಎಲ್ಲವನ್ನೂ ತಿಂದೆ.

ಕೈ ತೊಳೆದ ಮೇಲೆ ಸುಂದರಣ್ಣ ಸಂಘದವರು ಕಳಿಸಿದ ಕರೆಯ ಕಾಗದ ತೋರಿಸಿದರು. ಶಾಲು ಹೊದೆಸುವ ಮೊದಲು ಅವರು ವೇದಿಕೆಯಲ್ಲಿ ಎರಡು ಮಾತು ಆಡಬೇಕಂತೆ. “ನಂಗೆ ಮಾತು ಬರುವುದಿಲ್ಲ ವಕೀಲ್ರೇ. ನೀವೇ ಬರೆದು ಕೊಡಿ, ನಾನು ಓದ್ತೇನೆ” ಎಂದು ನಕ್ಕರು. ಕಟ್ಟೆಯ ಕಡೆ ತಿರುಗಿ ನಕ್ಕ ಅದೇ ನಗು.

ಸುಂದರಣ್ಣ, ನೀವು ಕೇಳಿದ್ದು ಇದು. ಬರೆದಿದ್ದೇನೆ. ವೇದಿಕೆಯಲ್ಲಿ ಓದುವಿರೋ, ಒಲೆಗೆ ಹಾಕುವಿರೋ ನಿಮ್ಮ ಇಷ್ಟ. ಶಾಲು ಬೇಡವೆಂದು ಸಂಘಕ್ಕೆ ಬೇರೆ ಕಾಗದ ಹಾಕಿದ್ದೇನೆ. ಖಾದರಾಕನ ಹೆಸರೂ ಅದರಲ್ಲಿದೆ, ಅವರು ಬೈದರೆ ಬೈಯಲಿ. ಒಂದು ಮಾತನ್ನು ಮಾತ್ರ ಈ ಮೂರು ವರ್ಷಗಳಲ್ಲಿ ಎಷ್ಟು ಸಲ ವಾದಿಸಿದರೂ ನನಗೆ ಇತ್ಯರ್ಥ ಮಾಡಲು ಆಗಿಲ್ಲ. ಅದಕ್ಕೆ ಸಾಕ್ಷಿ ನೀವೊಬ್ಬರೇ. ನಾಲ್ಕು ಹೆಜ್ಜೆ ಹೋಗಿ ತಿರುಗಿ, ನನ್ನ ಶೂ ನೋಡಿ, ನನ್ನ ಮುಖ ನೋಡಿ ನಕ್ಕಿರಲ್ಲ. ಶೂ ಒದ್ದೆಯಾಗುತ್ತದೆ ಎಂದು ನಾನು ಹೇಳಿದ್ದನ್ನು ಆವತ್ತು ನೀವು ನಂಬಿದ್ದಿರಾ?